ಜಾಹೀರಾತು ಮುಗಿಯುವಷ್ಟರಲ್ಲಿ

ಸಲೂನಿನ ಟೀವಿ ಗಿರಾಕಿಗಳ ಬೆನ್ನ ಹಿಂದಿನ ಗೋಡೆಯ ಮೇಲಿತ್ತು. ಕುರ್ಚಿಯಲ್ಲಿ ಕೂತವರು ಅದನ್ನು ಎದುರಿನ ಕನ್ನಡಿಯಲ್ಲೇ ನೋಡಬೇಕು. ಕ್ಷೌರಿಕನೂ ಅಷ್ಟೇ. ಕತ್ತಿ ಹಿಡಿದು ನಿಂತವನು ಹಿಂದೆ ತಿರುಗುವ ಹಾಗಿಲ್ಲವಲ್ಲ. ವರ್ಷಗಟ್ಟಲೆ ಹಾಗೇ ನೋಡಿ ನೋಡಿ, ಉಲ್ಟಾ ಅಕ್ಷರ ಉಲ್ಟಾ ಅಂಕೆ ಓದುವುದು ಅವನಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಮೊದಲೆಲ್ಲ ಆ ಕನ್ನಡಿಯೊಳಗೆ ಆಟ ಓಡುತ್ತಿತ್ತು, ಇಲ್ಲವೇ ಸುದ್ದಿ. ಈಗ ಬೆಳಿಗ್ಗೆ ಹನ್ನೊಂದಾಯಿತೆಂದರೆ ಅವನು ಯಾರನ್ನೂ ಕೇಳದೆ ಅಡುಗೆ ಕಾರ್ಯಕ್ರಮ ಹಾಕಿಬಿಡುತ್ತಿದ್ದ.

"ಸುದ್ದಿ ಹಾಕಪ್ಪಾ, ಲೋಕ ಎಲ್ಲಿಗೆ ಬಂತೋ ನೋಡೋಣ," ಎಂದರು ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ದಿನಾ ಗಡ್ಡ ಬೆಳೆಯುತ್ತಿತ್ತು.

"ನಿನ್ನೆ ಎಲ್ಲಿತ್ತೋ ಅಲ್ಲೇ ಇದೆ ಮೇಷ್ಟ್ರೇ. ಗದ್ದ ಎತ್ತಿ."

"ಈ ಹೆಂಗಸು ಆಲೂಗಡ್ಡೆ ಹೆಚ್ಚೋದನ್ನ ನೋಡೋಕೆ ನಾನು ಇಲ್ಲೀವರೆಗೂ ನಡ್ಕೊಂಡು ಬರಬೇಕಾ? ನಮ್ಮನೇಲೇ ಒಬ್ಬಳಿದಾಳೆ."

"ನಿಮ್ಮನೇಲಿ ಇದಾರೆ. ನಮ್ಮನೇಲಿ ಇಲ್ವಲ್ಲ."

ಮೇಷ್ಟ್ರು ಗದ್ದ ಎತ್ತಿದರು.

ಅವನ ಹೆಂಡತಿ ದೂರದ ನಗರದ ದೊಡ್ಡ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಹೋಗಿದ್ದಳು. ಒಂದು ವರ್ಷದ ಕರಾರು. ಮನೆಯಲ್ಲಿ ಉಳಿದವರು ಅವನೂ ಎಂಟು ವರ್ಷದ ಮಗಳೂ. ಅನ್ನವನ್ನು ಅಗುಳು ಅಗುಳಾಗಿ ಹೆಕ್ಕಿ ತಿನ್ನುತ್ತಾಳೆಂದು ಅವಳಿಗೆ 'ಇರುವೆ' ಎಂಬ ಹೆಸರು ಬಿದ್ದಿತ್ತು. ಅಮ್ಮ ಹೋದ ಮೇಲೆ ಆ ಹೆಕ್ಕುವುದೂ ಕಡಿಮೆಯಾಯಿತು. ಬೀದಿ ಕೊನೆಯ ಹೋಟೆಲಿನಿಂದ ಬರುವ ಪೊಟ್ಟಣವನ್ನು ಬಿಚ್ಚಿ, ಮೂಸಿ, ಎರಡು ತುತ್ತು ತಿಂದು, ಉಳಿದದ್ದನ್ನು ಮತ್ತೆ ಅಷ್ಟೇ ಅಂದವಾಗಿ ಮಡಚಿಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಹೆಂಡತಿಯ ಅಕ್ಕ ಬಂದಳು. ಇರುವೆಗೆ ದೊಡ್ಡಮ್ಮ. ಅವಳು ಬಾಟಲಿ ಕಾರ್ಖಾನೆಯಲ್ಲಿದ್ದಳು. ಮುಂದೆ ಸಾಗಿ ಹೋಗುವ ಬಾಟಲಿಗಳನ್ನು ದೀಪಕ್ಕೆ ಹಿಡಿದು ಬಿರುಕು ಹುಡುಕುವುದು ಅವಳ ಕೆಲಸ. ಮನೆಗೆ ಬಂದರೂ ಆ ಕಣ್ಣು ಸುಮ್ಮನಿರುವುದಿಲ್ಲ. ಒಲೆಯ ಮೇಲಿನ ಧೂಳಿನಲ್ಲಿ ಬೆರಳಾಡಿಸಿ ನೋಡಿದಳು. ಹುಡುಗಿಯ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, "ಇದು ಕೈಯೋ ಕಡ್ಡಿಯೋ?" ಎಂದಳು.

"ತಿಂತಾಳೆ ಅಕ್ಕ. ಸ್ವಲ್ಪ ನಿಧಾನ ಅಷ್ಟೇ."

"ಏನು ತಿಂತಾಳೆ? ಕಾಗದಾನ?" ಅವಳು ಪೊಟ್ಟಣಗಳ ರಾಶಿಯ ಕಡೆ ನೋಡಿದಳು. "ನೋಡಪ್ಪಾ, ಶಾಲೆ ರಜೆ ಮುಗಿಯೋದರೊಳಗೆ ಈ ಮನೇಲಿ ಒಲೆ ಉರೀಬೇಕು. ಕೊನೇ ಭಾನುವಾರ ಊಟದ ಹೊತ್ತಿಗೆ ಬರ್ತೀನಿ. ಮನೆ ಊಟ ಇದ್ರೆ ಸರಿ. ಇಲ್ದಿದ್ರೆ ಇವಳನ್ನ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ತಂಗಿಗೂ ಹೇಳಿದೀನಿ. ಅವಳೂ ಹೂಂ ಅಂದಿದಾಳೆ."

ಸಂಜೆ ಫೋನಿನಲ್ಲಿ ಹೆಂಡತಿ ಆ ಹೂಂ ಮಾತೆತ್ತಲಿಲ್ಲ. ಇವನೂ ಎತ್ತಲಿಲ್ಲ. "ಏನು ತಿಂದ್ಲು?" ಎಂದು ಅವಳು ಕೇಳಿದಳು, "ತಿಂದ್ಲು," ಎಂದು ಇವನು ಹೇಳಿದ. ಮಗಳಿಲ್ಲದ ಆ ಎರಡು ಕೋಣೆಗಳನ್ನು ನೆನೆದರೇ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಯಾರನ್ನಾದರೂ ಕೇಳಿ ಕಲಿಯಬಹುದಿತ್ತು. ಆದರೆ ಅವನು ಕಸುಬು ಕಲಿತದ್ದೇ ಬೇರೆ ರೀತಿ. ಅವನ ಗುರುವಿಗೆ ಮಾತೇ ಕಡಿಮೆ. ಗುರುವಿನ ಹಿಂದೆ ನಿಂತು, ಕನ್ನಡಿಯಲ್ಲಿ ಆ ಕೈಗಳನ್ನು ನೋಡಿ ನೋಡಿಯೇ ಕೂದಲು ಕತ್ತರಿಸುವುದನ್ನು ಕಲಿತವನು. ನೋಡಿದರೆ ಬರುತ್ತದೆ ಎಂಬುದು ಅವನ ನಂಬಿಕೆ. ಹಾಗಾಗಿ ಟೀವಿಯ ಹೆಂಗಸಿನ ಮಾತಿಗೆ ಕಿವಿಗೊಡದೆ ಕೈಗೆ ಕಣ್ಣು ನೆಟ್ಟ. ಅವಳು ಹೆಚ್ಚುವಾಗ ಬೆರಳು ಹೇಗೆ ಮಡಚುತ್ತಾಳೆ, ಬಾಣಲೆಯ ಹಿಡಿ ಎತ್ತ ಇಡುತ್ತಾಳೆ, ಎಲ್ಲ ನೋಡಿಕೊಂಡು ಮನೆಗೆ ಹೋಗಿ ಹಾಗೇ ಮಾಡಿದ. ಮೊದಮೊದಲು ಕರಕಲು, ಆಮೇಲೆ ಅರೆಬೆಂದದ್ದು, ಆಮೇಲಾಮೇಲೆ ಪರವಾಗಿಲ್ಲ ಅನ್ನುವಂಥದ್ದು. ಇರುವೆ ಮೇಜಿನ ಆಚೆ ಕೂತು ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದಳು.

"ಅಪ್ಪಾ, ನೀನು ಯಾಕೆ ಎಡಗೈಲಿ ಹೆಚ್ಚೋದು?"

"ಅಡುಗೆಯವರೆಲ್ಲ ಹಾಗೇ ಹೆಚ್ಚೋದು ಮಗಾ. ಟೀವೀಲಿ ನೋಡಿಲ್ವಾ?"

ಅವಳು ನೋಡಿರಲಿಲ್ಲ. ಮನೆಯಲ್ಲಿ ಟೀವಿ ಇರಲಿಲ್ಲ. ಮಾರನೇ ದಿನ ಅಪ್ಪನ ಜೊತೆ ಸಲೂನಿಗೆ ಬಂದು, ಕನ್ನಡಿಯ ಕೆಳಗಿನ ಪುಟ್ಟ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಳು. ಆ ಅಂಗಡಿಯಲ್ಲಿ ಟೀವಿಯನ್ನು ನೇರವಾಗಿ ನೋಡಿದವಳು ಅವಳೊಬ್ಬಳೇ.

"ಆ ಆಂಟಿ ಬಲಗೈಲೇ ಹೆಚ್ತಿದಾರೆ."

"ಎಡಗೈ."

"ಅಪ್ಪಾ, ತಿರುಗಿ ನೋಡು."

ಕುರ್ಚಿಯಲ್ಲಿ ನೊರೆ ಮೆತ್ತಿಕೊಂಡು ಕೂತಿದ್ದ ಗಿರಾಕಿ ಲಾರಿ ಓಡಿಸುವವನು. ಅವನನ್ನು ಹಾಗೇ ಬಿಟ್ಟು ಕ್ಷೌರಿಕ, ಕತ್ತಿಯನ್ನು ಮೇಲೆತ್ತಿ ಹಿಡಿದು, ತಿರುಗಿ ನೋಡಿದ. ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಮೊದಲು ನಗು ಬಂದದ್ದು ಲಾರಿಯವನಿಗೆ. ನೊರೆಯೆಲ್ಲ ಅಂಗಿಯ ಮೇಲೆ ಬಿತ್ತು.

"ಇಷ್ಟು ದಿನ ಉಲ್ಟಾ ಅಡುಗೆ ತಿಂದಿದೀಯಲ್ಲೇ ಮಗೂ. ಹೊಟ್ಟೆ ಬೆನ್ನಿಗೆ ಹೋಗಿಲ್ವಾ?" ಎಂದ ಲಾರಿಯವನು.

ಇರುವೆ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಅವಳಿಗೂ ನಗು ಬಂತು.

ಅಂದು ಬಲಗೈಯಲ್ಲಿ ಹೆಚ್ಚಲು ನೋಡಿದ. ಬಲಗೈಗೆ ಗೊತ್ತಿದ್ದದ್ದು ಗಡ್ಡ ಒಂದೇ. ಆಲೂಗಡ್ಡೆಯನ್ನು ಕಾಗದದಷ್ಟು ತೆಳ್ಳಗೆ ಹೆರೆಯಿತು, ಒಂದೊಂದು ಸಲಕ್ಕೂ ಚಾಕುವನ್ನು ಎಡ ಮುಂಗೈಗೆ ಒರೆಸಿತು. ಎಡಗೈಗೆ ಹಳೆಯ ಅಭ್ಯಾಸ ಯಾವುದೂ ಇಲ್ಲದ್ದರಿಂದ ಅದು ಹೇಳಿದ್ದು ಕೇಳುತ್ತಿತ್ತು. ಕೊನೆಗೆ ಅಡುಗೆ ಎಡಗೈಗೇ ಉಳಿಯಿತು.

ಹಾಗೆ ಉಳಿದದ್ದು ಮನೆಯಲ್ಲಷ್ಟೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಒಂದು ಬೆಳಿಗ್ಗೆ ಮೇಷ್ಟ್ರ ಕಿವಿಯ ಬುಡದಲ್ಲಿ ಕೆಲಸ ಮಾಡುತ್ತಿರುವಾಗ, "ಯಾವ ಕೈಯಪ್ಪಾ ಅದು?" ಎಂದು ಅವರು ಮೆಲ್ಲಗೆ ಕೇಳಿದರು. ನೋಡಿದರೆ ಕತ್ತಿ ಎಡಗೈಯಲ್ಲಿತ್ತು. ಯಾವಾಗ ಬಂತೋ ಅವನಿಗೇ ತಿಳಿಯದು. ಅಂದಿನಿಂದ ಅಂಗಡಿಯಲ್ಲಿರುವಾಗ ಎಡಗೈಯನ್ನು ಜೇಬಿನಲ್ಲಿಟ್ಟುಕೊಳ್ಳತೊಡಗಿದ. ಜೇಬಿನೊಳಗೂ ಅದು ಸುಮ್ಮನಿರದೆ ಏನನ್ನೋ ತಿರುವುತ್ತಿತ್ತು. ಅಂಗಡಿಯಲ್ಲಿದ್ದರೆ ಮನೆಯ ಯೋಚನೆ, ಮನೆಯಲ್ಲಿದ್ದರೆ ಅಂಗಡಿಯ ಯೋಚನೆ. ಲಾರಿಯವನು, "ಇವನ ಕಾಲಿಗೆ ಯಾರೋ ಚಕ್ರ ಕಟ್ಟಿದಾರೆ ಕಣ್ರೋ, ಬ್ರೇಕ್ ಇಡೋದು ಮರೆತಿದಾರೆ," ಎಂದು ರೇಗಿಸುತ್ತಿದ್ದ.

ಓಡಾಟಕ್ಕೆ ಕಾರಣವಿತ್ತು. ಟೀವಿಯಲ್ಲಿ ಆ ಹೆಂಗಸು ಬಾಣಲೆಗೆ ಈರುಳ್ಳಿ ಹಾಕಿ ನಗುತ್ತಿದ್ದಳು. ತಕ್ಷಣ ಜಾಹೀರಾತು. ಸೋಪು, ಬೈಕು, ಹಲ್ಲುಜ್ಜುವ ಪೇಸ್ಟು, ಮತ್ತೆ ಸೋಪು. ಅದೆಲ್ಲ ಮುಗಿದು ಅವಳು ತಿರುಗಿ ಬರುವಷ್ಟರಲ್ಲಿ ಈರುಳ್ಳಿ ಹೊಂಬಣ್ಣಕ್ಕೆ ಬಂದಿರುತ್ತಿತ್ತು. ಆಮೇಲೆ ತರಕಾರಿ ಹಾಕಿ ಮುಚ್ಚಳ ಮುಚ್ಚುತ್ತಿದ್ದಳು, ಮತ್ತೆ ಜಾಹೀರಾತು, ಮತ್ತೆ ಬಂದರೆ ಬೆಂದಿರುತ್ತಿತ್ತು. ಅವನಿಗೆ ಇದರಲ್ಲಿ ವಿಚಿತ್ರ ಕಾಣಲಿಲ್ಲ. ಅವನ ಕಸುಬಿನಲ್ಲೂ ಹಾಗೇ ತಾನೇ. ಒಬ್ಬರ ತಲೆಗೆ ಬಣ್ಣ ಹಚ್ಚಿ ಪಕ್ಕಕ್ಕೆ ಕೂರಿಸಿದರೆ ಅದು ಹಿಡಿಯುವಷ್ಟರಲ್ಲಿ ಇನ್ನೊಬ್ಬರ ಗಡ್ಡ ಮುಗಿಯುತ್ತದೆ. ಅಡುಗೆಯೂ ಅಂಥದ್ದೇ ಕೆಲಸ, ಹಾಕಿ ಹೋಗುವುದು, ಬಂದು ನೋಡುವುದು ಎಂದು ಅವನು ತಿಳಿದುಕೊಂಡ. ಒಂದು ಜಾಹೀರಾತಿನ ಹೊತ್ತು ಅಂದರೆ ಸರಿಯಾಗಿ ಒಂದು ಗಡ್ಡದ ಹೊತ್ತು ಎಂಬುದನ್ನೂ ಲೆಕ್ಕ ಹಾಕಿಕೊಂಡ.

ಮನೆ ಇದ್ದದ್ದು ಸಲೂನಿನ ಹಿಂದಿನ ಓಣಿಯಲ್ಲಿ. ಬಾಣಲೆಗೆ ಈರುಳ್ಳಿ ಹಾಕಿ, ಉರಿ ಸಣ್ಣಗೆ ಮಾಡಿ, "ನೋಡ್ಕೋ ಮಗಾ, ಬಂದೆ," ಎಂದು ಓಡುತ್ತಿದ್ದ. ಒಂದು ಮುಖ ಮುಗಿಸಿ, ಟವೆಲು ಹೆಗಲ ಮೇಲೆ ಇದ್ದ ಹಾಗೇ ಮತ್ತೆ ಮನೆಗೆ. ಇರುವೆ ಸ್ಟೂಲಿನ ಮೇಲೆ ನಿಂತು ಸೌಟು ಹಿಡಿದು ಕಾವಲಿರುತ್ತಿದ್ದಳು. ಅಡುಗೆ ಚೆನ್ನಾಗಿ ಆಗತೊಡಗಿತು. ಒಂದು ಮಧ್ಯಾಹ್ನ ಅವಳು ತಟ್ಟೆ ಮುಂದೆ ಚಾಚಿ ಇನ್ನೊಂದು ಸೌಟು ಕೇಳಿದಳು. ಅವತ್ತು ಫೋನಿನಲ್ಲಿ ಹೆಂಡತಿ, "ಏನು ತಿಂದ್ಲು?" ಎಂದಾಗ ಅವನು ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿದ.

"ಯಾರು ಮಾಡಿದ್ದು?" ಎಂದಳು ಅವಳು.

"ನಾನೇ."

"ಸುಳ್ಳು ಹೇಳ್ಬೇಡಿ."

"ನಿಮ್ಮಕ್ಕ ಬರ್ತಾರಲ್ಲ, ಅವರನ್ನೇ ಕೇಳು."

ರಜೆಯ ಕೊನೆಯ ಭಾನುವಾರ ಬಂದೇ ಬಂತು. ಅಕ್ಕನಿಗೆ ಬಿಡುವು ಭಾನುವಾರ, ಊರಿನ ಗಂಡಸರಿಗೆಲ್ಲ ಬಿಡುವು ಭಾನುವಾರ. ಅವನಿಗೆ ಮಾತ್ರ ಅದೇ ಉಸಿರಾಡಲು ಬಿಡದ ದಿನ. ಬೆಳಿಗ್ಗೆಯಿಂದ ಬೆಂಚು ತುಂಬಿತ್ತು, ಬಾಗಿಲಲ್ಲೂ ಇಬ್ಬರು ಒರಗಿದ್ದರು. ಮೇಷ್ಟ್ರ ತಲೆಗೆ ಬಣ್ಣ ಹಚ್ಚಿ ಮೂಲೆಯಲ್ಲಿ ಕೂರಿಸಿದ. ಮನೆಗೆ ಓಡಿ ಅನ್ನಕ್ಕಿಟ್ಟು ಬಂದ. ಒಂದು ತಲೆ ಮುಗಿಸಿದ. ಓಡಿ ಅನ್ನ ಇಳಿಸಿ ಬಂದ. ಲಾರಿಯವನ ಮುಖಕ್ಕೆ ನೊರೆ ಹಚ್ಚಿ ಮತ್ತೆ ಓಡಿದ.

"ಜಾಹೀರಾತು ಬಂತು ಕಣ್ರೋ," ಎಂದ ಬೆಂಚಿನ ಮೇಲಿದ್ದವನೊಬ್ಬ.

"ನೊರೆ ಒಣಗಿ ಗಾರೆ ಆಯ್ತು," ಎಂದ ಲಾರಿಯವನು ತುಟಿ ಅಲ್ಲಾಡಿಸದೆ.

ಈರುಳ್ಳಿ ಬಾಣಲೆಗೆ ಬಿತ್ತು. ಅವನು ಬಂದು ಲಾರಿಯವನ ಎಡಗೆನ್ನೆ ಮುಗಿಸುವಷ್ಟರಲ್ಲಿ ಮನಸ್ಸು ತಡೆಯಲಿಲ್ಲ. ಇವತ್ತು ಈರುಳ್ಳಿ ಸೀದರೆ ಎಲ್ಲ ಹೋಯಿತು. ಬಲಗೆನ್ನೆ ಹಾಗೇ ಬಿಟ್ಟು ಇನ್ನೊಮ್ಮೆ ಓಡಿದ.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಹೇಳಿದ್ದಕ್ಕಿಂತ ಒಂದು ಬಸ್ಸು ಮುಂಚೆ ಬಂದಿದ್ದಳು. ಕೈಚೀಲ ಇನ್ನೂ ಹೆಗಲಲ್ಲೇ ಇತ್ತು. ಒಲೆ ಆರಿತ್ತು. ಇರುವೆ ಸ್ಟೂಲಿನ ಮೇಲೆ ಸೌಟು ಹಿಡಿದು ಕಲ್ಲಿನ ಹಾಗೆ ನಿಂತಿದ್ದಳು.

"ಆರಿಸಿಬಿಟ್ರಾ ಅಕ್ಕ? ಇನ್ನೂ ಸ್ವಲ್ಪ ಬಣ್ಣ ಬರ್ಬೇಕಿತ್ತು."

"ಇವಳು ಎಷ್ಟು ಹೊತ್ತಿಂದ ಒಬ್ಬಳೇ ನಿಂತಿದಾಳೆ?"

"ಒಂದು ಗಡ್ಡದ ಹೊತ್ತು. ಅರ್ಧ ಗಡ್ಡ ಅನ್ನಿ."

"ಏನಂದೆ?"

ಅವನು ಬಿಡಿಸಿ ಹೇಳಿದ. ಈರುಳ್ಳಿ ಹಾಕುವುದು, ಜಾಹೀರಾತು ಬರುವುದು, ಆ ಹೆಂಗಸು ಹೋಗಿ ಬರುವುದು. ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಇಷ್ಟೆಲ್ಲ ತಾನೇ ಕಂಡುಹಿಡಿದದ್ದು ಎಂದು. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಆ ಟೀವಿ ಹೆಂಗಸು ಎಲ್ಲಿಗೂ ಹೋಗಲ್ಲ ಮಹಾರಾಯ," ಎಂದಳು ಕೊನೆಗೆ. "ನೀನು ಸೋಪು ನೋಡ್ತಿರುವಾಗ ಅವಳು ಅಲ್ಲೇ ನಿಂತು ಕೈಯಾಡಿಸ್ತಿರ್ತಾಳೆ. ನಿಂಗೆ ತೋರಿಸಲ್ಲ ಅಷ್ಟೇ."

ಅವನಿಗೆ ಇದು ಹೊಳೆದೇ ಇರಲಿಲ್ಲ.

ಅಕ್ಕ ಇರುವೆಯ ತೋಳಿನ ಬಟ್ಟೆಯನ್ನು ಮೇಲೆ ಸರಿಸಿದಳು. ಮೊಣಕೈ ಹತ್ತಿರ ಅವರೆಕಾಳಿನಷ್ಟು ದೊಡ್ಡ ಕೆಂಪು ಕಲೆ. ಅದರ ಪಕ್ಕ ಇನ್ನೊಂದು, ಅದು ಹಳೆಯದು, ಕಂದು ಬಣ್ಣಕ್ಕೆ ತಿರುಗಿತ್ತು.

"ಎಣ್ಣೆ ಹಾರಿದ್ದು," ಎಂದಳು ಇರುವೆ. "ನೋವಿಲ್ಲ ಅಪ್ಪಾ. ನೀರು ಹಾಕ್ಕೊಂಡೆ."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅಡುಗೆ ನಿಲ್ಲಿಸ್ತೀಯ. ಆಮೇಲೆ ದೊಡ್ಡಮ್ಮ ಕರ್ಕೊಂಡು ಹೋಗ್ತಾರೆ."

ಬೆಳಗಿನ ತಿಂಡಿಗೆ ಅವನು ಮಾಡಿ ಉಳಿದಿದ್ದ ಮೊಟ್ಟೆಯ ಚೂರೊಂದನ್ನು ಅಕ್ಕ ಬಾಯಿಗೆ ಹಾಕಿಕೊಂಡಳು.

"ಕೈಗೆ ರುಚಿ ಬಂದಿದೆ. ಇಲ್ಲ ಅನ್ನಲ್ಲ. ಆದ್ರೆ ಪೊಟ್ಟಣ ತಿಂತಿದ್ದಾಗ ಮಗು ಬರೀ ಸಣ್ಣಗಿತ್ತು. ಈಗ ಸುಟ್ಕೊಂಡಿದೆ." ಅವಳು ಹುಡುಗಿಯನ್ನು ಸ್ಟೂಲಿನಿಂದ ಕೆಳಗಿಳಿಸಿದಳು. "ಬಟ್ಟೆ ಜೋಡಿಸ್ಕೋ ಪುಟ್ಟಿ."

ಇರುವೆ ಕದಲಲಿಲ್ಲ. "ಜೋಡಿಸ್ಕೋಬೇಕಾ ಅಪ್ಪಾ?"

"ತಡೀರಿ ಅಕ್ಕ," ಎಂದ ಅವನು. "ಅಂಗಡಿ ಮುಚ್ಚಿ ಬರ್ತೀನಿ. ಒಲೆ ಮುಂದೆ ನಾನೇ ನಿಲ್ತೀನಿ."

"ಇವತ್ತು ಮುಚ್ತೀಯ. ನಾಳೆ?"

"ದಿನಾ ಮುಚ್ತೀನಿ. ಹನ್ನೆರಡರಿಂದ ಎರಡರವರೆಗೆ."

"ಭಾನುವಾರ?"

ಭಾನುವಾರದ ಮಧ್ಯಾಹ್ನವೆಂದರೆ ಅವನ ವಾರವೇ ಅದು. ಆ ಹೊತ್ತಿನಲ್ಲಿ ಬಾಗಿಲು ಹಾಕಿದರೆ ವೃತ್ತದ ಬಳಿ ಮೂರು ಕುರ್ಚಿಯ ಹೊಸ ಸಲೂನು ಬಾಯಿ ತೆರೆದುಕೊಂಡು ಕಾಯುತ್ತಿದೆ. ಒಮ್ಮೆ ಅಲ್ಲಿಗೆ ಹೋದ ಮುಖ ತಿರುಗಿ ಬರುತ್ತದೆಂಬ ಭರವಸೆಯಿಲ್ಲ. ಅವನು ತಡೆದದ್ದನ್ನು ಅಕ್ಕ ನೋಡಿದಳು. ಗಾಜಿನೊಳಗೆ ಕೂದಲೆಳೆಯಷ್ಟು ಗೆರೆ ಕಂಡರೂ ಎತ್ತಿ ಬದಿಗಿಡುವ ಕಣ್ಣು ಅದು.

"ಭಾನುವಾರಾನೂ," ಎಂದ ಅವನು.

"ಹೇಳೋದು ಸುಲಭ. ಹೋಗು, ಮುಚ್ಚಿ ಬಾ. ನಾವು ಬಟ್ಟೆ ಜೋಡಿಸ್ತಿರ್ತೀವಿ."

ಅವನು ಸಲೂನಿಗೆ ಹೋಗಿ ಮೊದಲು ಲಾರಿಯವನ ಬಲಗೆನ್ನೆ ಮುಗಿಸಿದ. ಆಮೇಲೆ ಟೀವಿ ಆರಿಸಿ ಹೇಳಿದ, "ಇನ್ನು ಎರಡು ಗಂಟೆ ಮೇಲೆ ಬನ್ನಿ. ಅಂಗಡಿ ಮುಚ್ತಿದೀನಿ."

"ತಮಾಷೆ ಮಾಡ್ತಿದೀಯಾ?" ಎಂದ ಬಾಗಿಲಲ್ಲಿದ್ದವನು. "ಬೆಳಿಗ್ಗೆಯಿಂದ ಕಾಯ್ತಿದೀನಿ."

"ತಪ್ಪಾಯ್ತು. ಮನೇಲಿ ಮಗು ಒಬ್ಬಳೇ ಇರ್ತಾಳೆ."

"ಇಷ್ಟು ದಿನ ಇದ್ಲಲ್ಲ?"

"ಇದ್ಲು," ಎಂದ ಅವನು.

ಮೂಲೆಯಿಂದ ಮೇಷ್ಟ್ರು ಎದ್ದರು. ತಲೆಯ ತುಂಬ ಕಪ್ಪು ಲೇಪ, ಕಿವಿಗೆ ಪ್ಲಾಸ್ಟಿಕ್ ಚೀಲ. "ನನ್ನ ಗತಿ ಏನಪ್ಪಾ?"

"ಮನೆಗೆ ಹೋಗಿ ತೊಳ್ಕೊಳ್ಳಿ ಮೇಷ್ಟ್ರೇ. ಇನ್ನು ಸ್ವಲ್ಪ ಹೊತ್ತಷ್ಟೇ."

"ಹೀಗೇ ಬೀದೀಲಿ ಹೋಗ್ಲಾ? ಬಣ್ಣ ಹಚ್ಕೋತೀನಿ ಅಂತ ಎಲ್ಲರಿಗೂ ಗೊತ್ತಾಗಲ್ವೇನೋ?"

"ಎಲ್ಲರಿಗೂ ಗೊತ್ತಿದೆ ಮೇಷ್ಟ್ರೇ."

ಲಾರಿಯವನು ತನ್ನ ಟೋಪಿ ತೆಗೆದು ಮೇಷ್ಟ್ರ ಕೈಗೆ ಕೊಡಲು ಹೋದ, ಬಣ್ಣ ನೆನಪಾಗಿ ಹಿಂದಕ್ಕೆಳೆದುಕೊಂಡ. ಬೆಂಚಿನವರು ಗೊಣಗುತ್ತ ಎದ್ದರು. ಇಬ್ಬರು ನೇರ ವೃತ್ತದ ಕಡೆಗೇ ನಡೆದರು. ಅವರ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ ಅವನು ಶಟರ್ ಎಳೆದ.

ಮನೆಯಲ್ಲಿ ಚೀಲ ತುಂಬಿತ್ತು. ಅದನ್ನು ಬಾಗಿಲ ಪಕ್ಕ ನಿಲ್ಲಿಸಿದ್ದರು. ಅವನು ಅದರ ಕಡೆ ನೋಡದೆ, ಕೈ ಮೊಣಕೈವರೆಗೆ ತೊಳೆದುಕೊಂಡು ಒಲೆ ಹಚ್ಚಿದ. ಮಗಳನ್ನು ಮೇಜಿನ ಆಚೆ ಕೂರಿಸಿದ. ಹೊಸದಾಗಿ ಈರುಳ್ಳಿ ಹೆಚ್ಚಿ ಬಾಣಲೆಗೆ ಹಾಕಿ, ಅದರ ಮುಂದೆ ನಿಂತ.

ನಿಲ್ಲುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ದಿನವಿಡೀ ನಿಂತೇ ದುಡಿಯುವವನು, ಆದರೂ ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತಿತ್ತು. ಓಣಿಯಲ್ಲಿ ಯಾರ ಚಪ್ಪಲಿ ಸದ್ದು ಕೇಳಿದರೂ ಗಿರಾಕಿಯೇ ಅನ್ನಿಸುತ್ತಿತ್ತು. ಸೌಟು ಕೆಳಗಿಟ್ಟ, ಎತ್ತಿಕೊಂಡ, ಮತ್ತೆ ಇಟ್ಟ. ಬಿಳಿ ಈರುಳ್ಳಿ ಮೊದಲು ಬೆವರಿತು. ಆಮೇಲೆ ಗಾಜಿನ ಹಾಗೆ ತಿಳಿಯಾಯಿತು. ಅಂಚು ಮುದುಡಿತು, ಒಂದು ಕಡೆ ಬೇಗ, ಒಂದು ಕಡೆ ತಡ. ಎಣ್ಣೆ ಎರಡು ಸಲ ಸಿಡಿದು ಅವನ ಮುಂಗೈಗೆ ಬಿತ್ತು. ಚುರ್ ಎಂದಿತು. ಜಾಹೀರಾತಿನ ಹೊತ್ತಿನಲ್ಲಿ ಬಾಣಲೆಯೊಳಗೆ ಏನೇನಾಗುತ್ತದೆಂದು ಅವನು ನೋಡಿದ್ದು ಅದೇ ಮೊದಲು. ನೋಡುತ್ತಿದ್ದವಳು ಇಷ್ಟು ದಿನವೂ ಇರುವೆ. ತರಕಾರಿ ಹಾಕಿ ಮುಚ್ಚಳ ಮುಚ್ಚಿದ. ಆಗಲೂ ಅಲ್ಲೇ ನಿಂತ.

"ಎಡಗೈ ಅಭ್ಯಾಸ ಯಾವಾಗಿಂದ?" ಎಂದಳು ಅಕ್ಕ ಹಿಂದಿನಿಂದ.

"ಅದೊಂದು ದೊಡ್ಡ ಕತೆ ಅಕ್ಕ."

ಇರುವೆ ಕಿಸಕ್ಕೆಂದಳು. ಅಕ್ಕ ನಗಲಿಲ್ಲ, ಆದರೆ ಹೆಗಲಿನ ಕೈಚೀಲ ತೆಗೆದು ಕುರ್ಚಿಗೆ ನೇತುಹಾಕಿದಳು.

ಮೂವರೂ ಊಟಕ್ಕೆ ಕೂತರು. ಅಕ್ಕ ಎರಡನೇ ಸಲ ತಾನೇ ಬಡಿಸಿಕೊಂಡಳು. ಇರುವೆ ತಟ್ಟೆಯ ಅಂಚಿನಿಂದ ಒಳಗೆ ಒಂದೊಂದೇ ಗೆರೆ ಖಾಲಿ ಮಾಡುತ್ತ ಬಂದಳು. ಅವನಿಗೆ ಮಾತ್ರ ಉಪ್ಪು ಹೆಚ್ಚೋ ಕಡಿಮೆಯೋ ಒಂದೂ ತಿಳಿಯಲಿಲ್ಲ. ಕಿವಿಯೆಲ್ಲ ಓಣಿಯಲ್ಲಿತ್ತು.

ಬಾಗಿಲು ಬಡಿದ ಸದ್ದಾಯಿತು.

"ಅಣ್ಣಾ, ಅಂಗಡಿ ಯಾಕೆ ಮುಚ್ಚಿದೀರ? ಒಂದೇ ಒಂದು ಗಡ್ಡ, ಬೇಗ ಮಾಡಿಬಿಡಿ," ಎಂದಿತು ಹೊರಗಿನ ದನಿ.

ಅವನು ಅರ್ಧ ಎದ್ದ. ತುತ್ತು ಕೈಯಲ್ಲೇ ಇತ್ತು. ಅಕ್ಕ ತಲೆ ಎತ್ತಲಿಲ್ಲ, ತಟ್ಟೆಯ ಮೇಲಿದ್ದ ಅವಳ ಕೈ ಮಾತ್ರ ನಿಂತಿತು. ಅವನು ಮೆಲ್ಲಗೆ ಮತ್ತೆ ಕೂತ.

ಇರುವೆ ಎದ್ದು ಹೋಗಿ, ಬಾಗಿಲು ತೆರೆಯದೆ, ಅದರ ಸಂದಿಗೆ ಬಾಯಿಟ್ಟು ಹೇಳಿದಳು, "ಅಪ್ಪ ಊಟ ಮಾಡ್ತಿದಾರೆ. ಎರಡು ಗಂಟೆ ಮೇಲೆ ಬರ್ಬೇಕಂತೆ."

ಹೊರಗೆ ಹೆಜ್ಜೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಹೊರಟಿತು. ವೃತ್ತದ ಕಡೆಗೋ ಬೇರೆ ಕಡೆಗೋ, ಎಷ್ಟು ಕಿವಿಗೊಟ್ಟರೂ ಅವನಿಗೆ ತಿಳಿಯಲಿಲ್ಲ.

"ಇವಳು ಇಲ್ಲೇ ಇರಲಿ," ಎಂದಳು ಅಕ್ಕ, ನೀರಿನ ಲೋಟ ಕೆಳಗಿಡುತ್ತ. "ತಂಗಿಗೆ ನಾನು ಹೇಳ್ತೀನಿ. ಆದ್ರೆ ಯಾವ ಭಾನುವಾರ ಬರ್ತೀನಿ ಅಂತ ಇನ್ಮೇಲೆ ನಿಂಗೆ ಹೇಳಲ್ಲ. ಒಲೆ ಉರೀತಿದ್ದು ನೀನು ಇಲ್ದಿದ್ರೆ, ಅವತ್ತು ನಿನ್ನ ಕೇಳೋಕೂ ನಿಲ್ಲಲ್ಲ."

"ಹೂಂ ಅಕ್ಕ."

"ತಿನ್ನು. ಆರ್ತಿದೆ."

ಅವನು ತಿಂದ. ಮೇಜಿನ ಕೆಳಗೆ ಅವನ ಕಾಲು ಕುಣಿಯುತ್ತಲೇ ಇತ್ತು, ಮೇಜಿನ ಮೇಲಿನ ಲೋಟಗಳೂ ಅದರ ಜೊತೆ ಸಣ್ಣಗೆ ಅದುರುತ್ತಿದ್ದವು. ಇರುವೆ ಕೆಳಗಿನಿಂದ ತನ್ನ ಪುಟ್ಟ ಪಾದವನ್ನು ಅವನ ಪಾದದ ಮೇಲಿಟ್ಟು ಒತ್ತಿ ಹಿಡಿದಳು, ಇನ್ನೊಂದು ಸೌಟಿಗೆ ತಟ್ಟೆ ಚಾಚಿದಳು.